ಸಿಗಡಿ ತಟ್ಟೆಯ ಮುಂದೆ ಕೂರುವ ಮುನ್ನ: ಸಾವೊ ಪಾಲೊಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಇಲ್ಲಿಗೆ ಬಂದ ಮೊದಲ ಕೆಲವು ವಾರಗಳಲ್ಲೇ ಸಹೋದ್ಯೋಗಿಗಳು ನಿಮ್ಮನ್ನು ಸ್ಯಾಂಟೋಸ್ ಅಥವಾ ಗ್ವಾರುಜಾ ಕಡಲತೀರಕ್ಕೆ ಕರೆದೊಯ್ಯುತ್ತಾರೆ. ಅಲ್ಲಿನ ಗೂಡಂಗಡಿಯಲ್ಲಿ ಕುಳಿತ ಸ್ವಲ್ಪ ಹೊತ್ತಿಗೆ ಹೊಂಬಣ್ಣಕ್ಕೆ ಕರಿದ ಸಿಗಡಿಗಳ ತಟ್ಟೆಯೊಂದು ನಿಂಬೆ ಹೋಳುಗಳೊಂದಿಗೆ ಮೇಜಿಗೆ ಬರುತ್ತದೆ. ಇದೇ ‘ಕಮರಾಂವ್ ಎಂಪನಾದು’. ಕೆಲವೆಡೆ ‘ಅ ಮಿಲನೇಜಾ’ ಎಂದೂ ಬರೆದಿರುತ್ತಾರೆ. ಕರಾವಳಿಯವರಿಗೆ ರವಾ ಫ್ರೈ ನೆನಪಾಗುವುದು ಸಹಜವಾದರೂ, ಆತಿಥೇಯರ ಎದುರಿಗೇ “ನಮ್ಮ ಕುಂದಾಪುರದ ಚಟ್ಲಿಯ ಮುಂದೆ ಇದು ಸಪ್ಪೆ” ಎನ್ನುವ ಚಾಳಿಯನ್ನು ದಯವಿಟ್ಟು ಬಿಡಬೇಕು. ಖಾರ ಬೇಕಿದ್ದರೆ ‘ಮೋಲ್ಯು ಜಿ ಪಿಮೆಂತಾ’ ಎಂದು ಕೇಳಿ. ಮೆಣಸಿನಕಾಯಿಯ ಆ ಸಾರಕ್ಕೆ ನಮ್ಮ ಬ್ಯಾಡಗಿಯ ಬಣ್ಣವಿಲ್ಲದಿದ್ದರೂ ಉರಿ ಸಾಕಷ್ಟಿದೆ.

ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

ನಾನು ಬಂದ ಹೊಸದರಲ್ಲಿ ಬಾರೊಂದರಲ್ಲಿ ಗರಿಗರಿಯಾದ ತಿಂಡಿಯನ್ನು ತೋರಿಸಿ “ಕಾರ್ನಿ ಇದೆಯೇ?” ಎಂದು ವಿಚಾರಿಸಿದ್ದೆ. ಪರಿಚಾರಕ ಮುಗುಳ್ನಕ್ಕು ಇಲ್ಲವೆಂದ. ಎರಡನೆಯ ತುತ್ತಿಗೆ ಸಿಗಡಿ ಸಿಕ್ಕಿತು. ಆತ ಸುಳ್ಳು ಹೇಳಿರಲಿಲ್ಲ. ಬ್ರೆಜಿಲಿಗರ ಮಾತಿನಲ್ಲಿ ‘ಕಾರ್ನಿ’ ಎಂದರೆ ಬಹುಮಟ್ಟಿಗೆ ದನದ ಮಾಂಸ. ಕೋಳಿ, ಮೀನು, ಸಿಗಡಿಗಳು ಅದರಲ್ಲಿ ಸೇರುವುದಿಲ್ಲ. ಆದ್ದರಿಂದ “ನಾನು ಶುದ್ಧ ಸಸ್ಯಾಹಾರಿ” ಎಂದು ಇಂಗ್ಲಿಷಿನಲ್ಲಿ ಹೇಳಿ ನಿಶ್ಚಿಂತೆಯಿಂದ ಕೂರದೆ, ಈ ವಾಕ್ಯವನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಳ್ಳಿ: “ಎವು ನಾಂವ್ ಕೋಮು ಕಾರ್ನಿ, ನೇಂ ಫ್ರಾಂಗು, ನೇಂ ಪೇಶಿ, ನೇಂ ಕಮರಾಂವ್.” ಮಾಂಸ, ಕೋಳಿ, ಮೀನು, ಸಿಗಡಿ ಯಾವುದನ್ನೂ ತಿನ್ನುವುದಿಲ್ಲ ಎಂದು ಇದರರ್ಥ.

ಅಷ್ಟಕ್ಕೇ ಮುಗಿಯಲಿಲ್ಲ. ಚೀಸ್ ತುಂಬಿದ ‘ಪಸ್ತೆವ್’ ಸಸ್ಯಾಹಾರವೇ ಆದರೂ ಅದು ಸಿಗಡಿ ಕರಿದ ಬಾಣಲೆಯಿಂದಲೇ ಎದ್ದು ಬಂದಿರಬಹುದು; “ನು ಮೇಜ್ಮು ಓಲಿಯು?”, ಅಂದರೆ ಅದೇ ಎಣ್ಣೆಯೇ, ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಯಿಯಾ ಶೈಲಿಯ ‘ಅಕರಜೆ’ಯ ವಿಷಯದಲ್ಲಂತೂ ನಮ್ಮವರು ಪದೇಪದೇ ಮೋಸಹೋಗಿದ್ದಾರೆ. ಅಲಸಂದೆ ಕಾಳನ್ನು ರುಬ್ಬಿ ತಾಳೆಎಣ್ಣೆಯಲ್ಲಿ ಕರಿದ ಅದು ನೋಡಲು ಥೇಟ್ ವಡೆಯಂತಿದ್ದು, ಸೀಳಿದರೆ ಒಳಗೆ ಒಣಸಿಗಡಿ ಇರುತ್ತದೆ. ವಡೆ ಕಂಡಲ್ಲೆಲ್ಲ ಉಡುಪಿಯನ್ನು ಕಾಣಬೇಡಿ.

ಅಲರ್ಜಿ

ಪೊಟ್ಟಣದ ಆಹಾರದ ಮೇಲೆ ‘ಅಲೆರ್ಜಿಕುಸ್’ ಎಂಬ ಸಾಲಿನಲ್ಲಿ ಸಿಗಡಿ-ಏಡಿಗಳ ವರ್ಗವನ್ನು ನಮೂದಿಸಬೇಕೆಂದು ಆರೋಗ್ಯ ನಿಯಂತ್ರಣ ಸಂಸ್ಥೆಯಾದ ಅನ್ವೀಸಾ 2015ರಲ್ಲಿ ನಿಯಮ ಮಾಡಿದೆ. ಗೂಡಂಗಡಿಯ ತಟ್ಟೆಯ ಮೇಲೆ ಅಂಥ ಸಾಲು ಇರುವುದಿಲ್ಲ. ಆಂಬುಲೆನ್ಸ್ ಸಂಖ್ಯೆ 192.

ಹಣದ ವಿಚಾರ

‘ಪೊರ್ಸಾಂವ್’ ಎಂದರೆ ಹಂಚಿಕೊಂಡು ತಿನ್ನುವ ತಟ್ಟೆ. ತಲೆಗೊಂದರಂತೆ ಹೇಳಿ ಅರ್ಧ ಉಳಿಸಿದ ಕುಟುಂಬಗಳನ್ನು ನಮ್ಮ ಕೂಟ ಕಂಡಿದೆ. ಮೊದಲು ‘ಮೇಯಾ ಪೊರ್ಸಾಂವ್’, ಅಂದರೆ ಅರ್ಧ, ಸಿಗುವುದೇ ಎಂದು ಕೇಳಿ. ಬಿಲ್ಲಿನಲ್ಲಿ ಸೇರಿಸುವ 10% ಸೇವಾಶುಲ್ಕ ಕಡ್ಡಾಯವಲ್ಲ. ಆದರೂ ಚೆನ್ನಾಗಿ ಉಪಚರಿಸಿದವರೊಡನೆ ಅದಕ್ಕಾಗಿ ಜಗಳ ಕಾಯುವುದು ನಮಗೆ ಶೋಭಿಸದು.

ಮನೆಯಲ್ಲಿ ಮಾಡುವವರಿಗೆ

ಸೆಚಿ ಬಾರ್ಬಸ್: ‘ಏಳು ಗಡ್ಡ’ದ ಸಣ್ಣ ಸಿಗಡಿ, ಅಗ್ಗ.
ಕಮರಾಂವ್ ಹೋಜಾ: ದೊಡ್ಡದು, ದುಬಾರಿ.
ಹೆಪ್ಪುಗಟ್ಟಿದ ಪೊಟ್ಟಣ: ಮಂಜಿನ ಪದರವನ್ನು ಬಿಟ್ಟ ನಿವ್ವಳ ತೂಕವನ್ನು ನೋಡಿ.
ಕ್ರಮ: ಬಾಲ ಉಳಿಸಿ ಸುಲಿದು, ಬೆನ್ನಿನ ಕಪ್ಪು ನಾಳ ತೆಗೆದು, ಉಪ್ಪು, ಬೆಳ್ಳುಳ್ಳಿ, ನಿಂಬೆರಸ, ಬಳಿಕ ಮೈದಾ, ಮೊಟ್ಟೆ, ಬ್ರೆಡ್ ಪುಡಿ, ಕಾದ ಎಣ್ಣೆಯಲ್ಲಿ ಎರಡು-ಮೂರು ನಿಮಿಷ.

ಬ್ರೆಡ್ ಪುಡಿಯ ಹೆಸರು ‘ಫರೀನ್ಯಾ ಜಿ ಹೋಸ್ಕಾ’. ಬರೆಯುವಾಗ ಅದು ‘ರ’ದಿಂದ ಆರಂಭವಾದರೂ ಉಚ್ಚಾರ ‘ಹ’. ಪಕ್ಕದಲ್ಲೇ ಇರುವ ಮರಗೆಣಸಿನ ‘ಫರೀನ್ಯಾ ಜಿ ಮಂಜಿಯೋಕಾ’ ಕಣ್ಣಿಗೆ ರವೆಯಂತೆಯೇ ಕಾಣುತ್ತದೆ. ನಾನು ಅದನ್ನು ತಂದು ಸಿಗಡಿಗೆ ಹಚ್ಚಿದ್ದು ಸುಮಾರಾಗಿ ಒದಗಿತು. ಉಳಿದದ್ದರಲ್ಲಿ ಮರುದಿನ ಮಾಡಿದ ಉಪ್ಪಿಟ್ಟನ್ನು ಮಾತ್ರ ಸೌಟಿನಿಂದ ಬಿಡಿಸಲಾಗಲಿಲ್ಲ.