ಪ್ಯಾರಾಫಿನ್‌ನಲ್ಲಿ ಹನ್ನೊಂದು ತಿಂಗಳು ಮುಳುಗಿದ್ದ ಆನೆ

ಕೊನೆಗೂ ಫರ್ರುಖಯಾಬ್ ಹಿಸಾರ್ ಸಿಕ್ಕಿತು. ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು. ಟಿಪ್ಪು ನಮ್ಮ ಚಿತ್ರದುರ್ಗಕ್ಕೆ ಇಟ್ಟ ಹೆಸರು ಅದು, ನನಗೆ ಸಿಕ್ಕಿದ್ದು ಅಲ್ಲಿ ಟಂಕಿಸಿದ ನಾಣ್ಯ. ಟಿಪ್ಪುವಿನ ಆನೆ ಪೈಸೆಗಳಲ್ಲಿ, ಅಂದರೆ ಆನೆ ಚಿತ್ರದ ತಾಮ್ರದ ಕಾಸುಗಳಲ್ಲಿ, ಪಟ್ಟಣ (ಶ್ರೀರಂಗಪಟ್ಟಣ) ಟಂಕಸಾಲೆಯದು ನನ್ನ ಹತ್ತಿರ ರಾಶಿ ಇದೆ, ನಗರದ್ದು (ಬಿದನೂರು) ನಾಲ್ಕಾರು ಇವೆ. ಹುಟ್ಟಿದ ಊರಿನದು ಮಾತ್ರ ಇಪ್ಪತ್ತು ವರ್ಷ ಹುಡುಕಿದರೂ ಒಂದೂ ಇರಲಿಲ್ಲ. ಹರಾಜಿನಲ್ಲಿ ಎರಡು ಸಲ ಕೈ ಎತ್ತಿ, ರೇಟು ಕೇಳಿ ಸುಮ್ನೆ ಇಳಿಸಿದ್ದೆ.

ಈಗ ಸಿಕ್ಕಿದ್ದು ಹರಾಜಿನಲ್ಲಿ ಅಲ್ಲ, ದಾವಣಗೆರೆಯ ಹಳೇ ಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ. ಕರಗಿಸಲು ಇಟ್ಟಿದ್ದ ತಾಮ್ರದ ಗುಡ್ಡೆಯಲ್ಲಿ ಎರಡು ಕಿಲೋ ಚಿಲ್ಲರೆ ನಾಣ್ಯ ಇತ್ತು. ಎಲ್ಲವೂ ಹಸಿರು ಹೆಪ್ಪು ಹಿಡಿದವು. ಗುಜರಿ ರೇಟಿನ ಮೇಲೆ ಕಿಲೋಗೆ ಮುನ್ನೂರು ಜಾಸ್ತಿ ಕೊಟ್ಟೆ. ಒಟ್ಟು 2,200 ಆಯಿತೋ 2,300 ಆಯಿತೋ, ಸರಿಯಾಗಿ ನೆನಪಿಲ್ಲ. ಭಾನುವಾರ ಮಂಡಕ್ಕಿ ಮಿರ್ಚಿಗೆ ಸೇರುವ ನಮ್ಮ ಗೆಳೆಯರು ನೋಡಿ ನಕ್ಕರು. "ಇದನ್ನ ತೊಳೆದರೆ ತಾಮ್ರವೂ ಉಳಿಯಲ್ಲ, ದುಡ್ಡೂ ಉಳಿಯಲ್ಲ" ಅಂದರು.

ಅವರ ಮಾತಲ್ಲೂ ತಪ್ಪಿರಲಿಲ್ಲ. ನನ್ನ ಹಳೇ ಕತೆ ಅವರಿಗೆ ಗೊತ್ತು. ಹುಣಸೆಹಣ್ಣಿನಲ್ಲಿ ತಿಕ್ಕಿ ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳನ್ನು ಹೊಸ ಚೊಂಬಿನ ಹಾಗೆ ಫಳಫಳ ಮಾಡಿದವನು ನಾನು. ಹನ್ನೆರಡು ಕಾಸು. ಒಂದೊಂದಕ್ಕೆ ನಾನೂರು ಕೊಟ್ಟು ತಂದಿದ್ದೆ, ಆಮೇಲೆ ನೂರಕ್ಕೂ ಯಾರೂ ಮುಟ್ಟಲಿಲ್ಲ. ಅದಾದ ಮೇಲೆ ವಿನಿಗರ್. ಒಂದು ರಾತ್ರಿ ಮರೆತು ಬಿಟ್ಟೆ, ಬೆಳಗ್ಗೆ ಅಕ್ಷರವೇ ಇರಲಿಲ್ಲ. ಅದರಲ್ಲಿ ವಿಜಯನಗರದ ಒಂದು ಗಂಡಭೇರುಂಡ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಮೊದಲು ತೂಕ ಹಾಕಿದೆ. ಅಕ್ಕಸಾಲಿಗರ ಸಣ್ಣ ತಕ್ಕಡಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆರೂವರೆ ಗ್ರಾಂ ಹತ್ತಿರ ಬಂದರೆ ಬ್ರಿಟಿಷರ ಕಾಲಾಣೆ, ಹದಿಮೂರರ ಹತ್ತಿರ ಬಂದರೆ ಅರ್ಧಾಣೆ. ಹತ್ತೂವರೆಯಿಂದ ಹನ್ನೊಂದೂವರೆ ತೂಗಿದ ಅರವತ್ತು ಚಿಲ್ಲರೆ ನಾಣ್ಯಗಳನ್ನು ಬೇರೆ ಇಟ್ಟೆ. ಆನೆ ಇದ್ದರೆ ಇವುಗಳಲ್ಲೇ ಇರಬೇಕಿತ್ತು.

ಆಮೇಲೆ ನೀರು. ಇಲ್ಲಿ ನಾನು ವರ್ಷಗಟ್ಟಲೆ ಒಂದು ದಡ್ಡತನ ಮಾಡಿದ್ದೆ. ನೆನೆಸಲು ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದೆ. ನಮ್ಮ ಕಡೆಯ ಬೋರ್ ನೀರು ಗೊತ್ತಲ್ಲ, ಬಕೆಟ್ಟಿಗೇ ಬಿಳಿ ಕಟ್ಟುತ್ತದೆ. ನಾಣ್ಯದ ಉಪ್ಪು ತೆಗೆಯಲು ಹೋಗಿ ಇನ್ನಷ್ಟು ಉಪ್ಪು ಕುಡಿಸಿದ್ದೆ. ಆರು ತಿಂಗಳಿಗೆ ಪುಡಿಪುಡಿ ತಿಳಿಹಸಿರು ಮತ್ತೆ ಎದ್ದು ಬರುತ್ತಿತ್ತು. ಈಗ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ವಾರಕ್ಕೊಮ್ಮೆ ಬದಲು. ಜೊತೆಗೆ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್. ವಾರ ಕಳೆದರೂ ಮೀಟರ್ ಏರದಿದ್ದರೆ ಉಪ್ಪು ಬಿಟ್ಟಿದೆ ಎಂದು ಲೆಕ್ಕ. ನನಗೆ ಒಂಬತ್ತು ವಾರ ಹಿಡಿಯಿತು.

ಆಮೇಲೆ ಹೆಪ್ಪು ಮೆತ್ತಗಾಗಲು ಎಣ್ಣೆಯಲ್ಲಿ ಮುಳುಗಿಸಿಡಬೇಕು. ಎಣ್ಣೆಯ ವಿಷಯದಲ್ಲೂ ಪೆಟ್ಟು ತಿಂದಿದ್ದೇನೆ. ಆಲಿವ್ ಎಣ್ಣೆ ಯಾಕೆ, ಚಳ್ಳಕೆರೆ ಶೇಂಗಾ ಎಣ್ಣೆ ಇಲ್ವಾ ಎಂದು ಒಂದು ಬಾಟಲಿ ಹಾಕಿ ನೋಡಿದೆ. ಎರಡು ತಿಂಗಳಿಗೆ ಎಣ್ಣೆ ಕಡು ಹಸಿರಾಗಿ ಮುಗ್ಗಲು ನಾತ ಹೊಡೆಯಿತು, ನಾಣ್ಯ ಅಂಟಂಟಾಯಿತು. ಮನೆಯವರು ಡಬ್ಬಿ ಸಮೇತ ಅಂಗಳಕ್ಕೆ ಎಸೆದರು. ಆಲಿವ್‌ನಲ್ಲೂ ಸ್ವಲ್ಪ ಹುಳಿ ಇರುತ್ತದೆ, ನಾಣ್ಯದ ಮೇಲಿನ ಹಳೇ ಬಣ್ಣವನ್ನೂ ಎತ್ತಿಕೊಂಡು ಹೋಗುತ್ತದೆ. ಮೆಡಿಕಲ್ ಶಾಪ್‌ನ ಲಿಕ್ವಿಡ್ ಪ್ಯಾರಾಫಿನ್ ನಿಧಾನ, ಆದರೆ ಏನನ್ನೂ ತಿನ್ನುವುದಿಲ್ಲ. ನಾಲ್ಕು ಬಾಟಲಿ, ಸುಮಾರು 500 ರೂಪಾಯಿ. ಹನ್ನೊಂದು ತಿಂಗಳು.

ತಿಂಗಳಿಗೊಮ್ಮೆ ತೆಗೆದು, ಲೆನ್ಸ್ ಇಟ್ಟುಕೊಂಡು ಮುಳ್ಳಿನಲ್ಲಿ ಕೆರೆಯುವುದು. ಸೂಜಿ ಬೇಡ, ಗೀರು ಬೀಳುತ್ತದೆ. ಯಾವ ಮುಳ್ಳು, ಅದನ್ನು ಮೊದಲು ಯಾವುದರಲ್ಲಿ ಅದ್ದುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಸೀಸದ ಸಹವಾಸವನ್ನೂ ಮಾಡಿದೆ. ಹಳೆಯ ಸಂಗ್ರಾಹಕರೊಬ್ಬರಿಂದ ರಸೀದಿ ಸಮೇತ ಶಾತವಾಹನರ ಕಾಲದ ಮಾಂಡಲಿಕ ಸದಕನ ಕಳಲಾಯ ಮಹಾರಠಿಯ ನಾಣ್ಯವೊಂದನ್ನು ಕೊಂಡಿದ್ದೆ, ನಮ್ಮ ಸೀಮೆಯದೇ ಸೀಸದ ನಾಣ್ಯ, ಡುಬ್ಬದ ಗೂಳಿ ಇರುವುದು. ಚೆಂದ ಕಾಣಲಿ ಎಂದು ಪ್ಲೈವುಡ್ ಪೆಟ್ಟಿಗೆಯಲ್ಲಿಟ್ಟೆ. ಮಳೆಗಾಲ ಕಳೆಯುವಷ್ಟರಲ್ಲಿ ಗೂಳಿ ಸುಣ್ಣ ಬಳಿದುಕೊಂಡಿತ್ತು. ಮರದಿಂದ ಬರುವ ಹುಳಿ ಆವಿ ಸೀಸವನ್ನು ಬಿಳಿ ಪುಡಿ ಮಾಡುತ್ತದೆ. 3,500 ರೂಪಾಯಿಯ ಪಾಠ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಹೋಗಿ ಇನ್ನೊಂದು ಹುಡುಕು ಎಂದು ಗೆಳೆಯರು ರೇಗಿಸಿದರು. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದ ಜಾಗ, ರೋಮನ್ನರ ಬೆಳ್ಳಿ ಸಿಕ್ಕ ಜಾಗ, ನಿಜ. ಆದರೆ ನೆಲ ಕೆದಕುವ ಚಾಳಿ ನನಗಿಲ್ಲ. 1878ರ ನಿಧಿ ಕಾಯ್ದೆ ಇನ್ನೂ ಜೀವಂತ ಇದೆ ಸ್ವಾಮಿ.

ಅರವತ್ತು ಚಿಲ್ಲರೆಯಲ್ಲಿ ಇಪ್ಪತ್ತೆರಡು ಆನೆ ಎದ್ದವು. ಹದಿನೆಂಟು ಪಟ್ಟಣ, ಮೂರು ನಗರ. ಉಳಿದ ಒಂದರಲ್ಲಿ ಆನೆಯ ಸೊಂಡಿಲು ಅರ್ಧ ಸವೆದಿತ್ತು. ಟಂಕಸಾಲೆಯ ಹೆಸರಿರುವ ಹಿಂಬದಿಗೆ ತಿರುಗಿಸಿ ಮುಳ್ಳಾಡಿಸಿದೆ. ಮೊದಲು "ಹಿಸಾರ್" ಹೆಪ್ಪು ಬಿಟ್ಟು ಕಂಡಿತು. ಫೈಜ್ ಹಿಸಾರ್, ಅಂದರೆ ಆಂಧ್ರದ ಗುತ್ತಿಗೆ ಟಿಪ್ಪು ಇಟ್ಟ ಹೆಸರು, ಇರಬೇಕು ಅಂದುಕೊಂಡೆ. ಅದಕ್ಕೂ ಹಿಸಾರ್ ಇದೆಯಲ್ಲ. ಮತ್ತೆ ಮೂರು ವಾರ ಪ್ಯಾರಾಫಿನ್‌ಗೆ ಹಾಕಿದೆ, ನಿದ್ದೆ ಬರಲಿಲ್ಲ. ಆಮೇಲೆ "ಫರ್ರುಖ" ಕಂಡಿತು. ಇಸವಿ 8121 ಎಂದು ಕಾಣುತ್ತಿತ್ತು. ಬಲದಿಂದ ಓದಬೇಕಲ್ವಾ, ಟಿಪ್ಪು ತಂದ ಮೌಲೂದಿ ಇಸವಿ ಲೆಕ್ಕದಲ್ಲಿ 1218.

ಭಾನುವಾರ ಅದನ್ನು ಮಿರ್ಚಿ ತಟ್ಟೆಯ ಪಕ್ಕ ಇಟ್ಟೆ. ಲೆನ್ಸ್ ಎಲ್ಲರ ಕೈ ಸುತ್ತಿ ಬಂತು. ಹೆಚ್ಚು ನಕ್ಕಿದ್ದವನೇ ಎಂಟು ಸಾವಿರಕ್ಕೆ ಕೇಳಿದ. ಕೊಡಲಿಲ್ಲ. ಮರುದಿನ ಅವನೂ ಮೆಡಿಕಲ್ ಶಾಪ್‌ಗೆ ಹೋಗಿದ್ದನಂತೆ. ಮುಳ್ಳು ಯಾವುದು ಎಂದು ಕೇಳಲು ಎರಡು ಸಲ ಫೋನ್ ಮಾಡಿದ್ದಾನೆ.