ಲಿನಕ್ಸ್ ಹಾಕುವಾಗ ಸ್ಕ್ರೀನ್ ಕಪ್ಪಾಗಿ ನಿಲ್ತದಾ? ಇದೊಂದು ಮಾಡಿ ನೋಡಿ

ಮೊನ್ನೆ ಉಡುಪಿಯಲ್ಲಿ ಜೋರು ಮಳೆ, ಮನೆಯಲ್ಲೇ ಕೂತು ಭಾವನ ಹಳೇ ಲ್ಯಾಪ್‌ಟಾಪಿಗೆ ಉಬುಂಟು (ಲಿನಕ್ಸಿನದ್ದೇ ಒಂದು ಬಗೆ) ಹಾಕುವ ಅಂತ ಹೊರಟದ್ದು ಮಾರಾಯ್ರೆ, ಪೆನ್‌ಡ್ರೈವಿಂದ ಮೆನು ಬರ್ತದೆ, ಎಂಟರ್ ಒತ್ತಿದ ಕೂಡ್ಲೆ ಸ್ಕ್ರೀನ್ ಕಪ್ಪು, ಫ್ಯಾನ್ ಮಾತ್ರ ಬೊಬ್ಬೆ ಹೊಡೀತಾ ಉಂಟು. ಮೂರು ಸಲ ಪೆನ್‌ಡ್ರೈವ್ ಪುನಃ ಮಾಡಿದ್ದು ದಂಡ.

ಎನ್ವಿಡಿಯಾ ಕಂಪೆನಿಯ ಗ್ರಾಫಿಕ್ಸ್ ಕಾರ್ಡ್ (ಸ್ಕ್ರೀನಲ್ಲಿ ಚಿತ್ರ ಮೂಡಿಸುವ ಭಾಗ) ಇದ್ದರೆ ಇದು ಮಾಮೂಲು, ಇನ್‌ಸ್ಟಾಲರಿನೊಟ್ಟಿಗೆ ಬರುವ ನೂವೋ ಡ್ರೈವರ್ (ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೆಲವು ಕಾರ್ಡಿಗೆ ಆಗಿ ಬರುದಿಲ್ಲ. ಮೆನುವಲ್ಲಿ ಎಂಟರ್ ಬದಲು ಇಂಗ್ಲಿಷಿನ 'ಇ' (e) ಕೀ ಒತ್ತಿ, ಲಿನಕ್ಸ್ (linux) ಅಂತ ಶುರುವಾಗುವ ಗೆರೆ ಉಂಟಲ್ಲ, ಅದರ ಕೊನೆಗೆ ಒಂದು ಸ್ಪೇಸ್ ಬಿಟ್ಟು ನೋಮೋಡ್‌ಸೆಟ್ (nomodeset) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ (ಸಣ್ಣಕ್ಷರ, ಒಂದೇ ಪದ, ನಾನು ಮಧ್ಯೆ ಸ್ಪೇಸ್ ಕೊಟ್ಟು ಅರ್ಧ ಗಂಟೆ ಹಾಳು ಮಾಡಿದೆ), ಮತ್ತೆ ಎಫ್10 ಒತ್ತಿ. ಹೀಗೆ ಮಾಡಿದ್ರೆ ಆ ಡ್ರೈವರ್ ಬಿಟ್ಟು ಸಾದಾ ಡಿಸ್‌ಪ್ಲೇಯಲ್ಲಿ ಶುರು ಆಗ್ತದೆ. ಸ್ಕ್ರೀನ್ ಸ್ವಲ್ಪ ದೊಡ್ಡದೊಡ್ಡ ಅಕ್ಷರದಲ್ಲಿ ಕಾಣ್ಬಹುದು, ಹೆದರ್ಬೇಡಿ. ಇನ್‌ಸ್ಟಾಲ್ ಆದ ಮೇಲೆ ಮೊದಲ ಬೂಟಿಗೂ ಇದೇ ಬೇಕಾಗ್ಬಹುದು, ಒಳಗೆ ಹೋಗಿ ಅಡಿಷನಲ್ ಡ್ರೈವರ್ಸಲ್ಲಿ ಎನ್ವಿಡಿಯಾದ್ದು ಹಾಕಿದ್ರೆ ಮತ್ತೆ ರಗಳೆ ಇಲ್ಲ.

ಇಷ್ಟು ಮಾಡಿಯೂ ಕ್ರ್ಯಾಶ್ ಆದ್ರೆ ಐಎಸ್ಒ ಫೈಲಿನ (ಡೌನ್‌ಲೋಡ್ ಮಾಡಿದ ಉಬುಂಟು ಫೈಲ್) ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯಾ ಅಂತ ತಿಳಿಸುವ ಗುರುತಿನ ಸಂಖ್ಯೆ) ತಾಳೆ ನೋಡಿ, ಅದೂ ಸರಿ ಇದ್ರೆ ಮೆಮ್‌ಟೆಸ್ಟ್ (ರ್‍ಯಾಮ್ ಪರೀಕ್ಷೆ ಮಾಡುವ ಪ್ರೋಗ್ರಾಂ) ರಾತ್ರಿಯಿಡೀ ಓಡಿಸಿ ಬಿಡಿ, ಕೆಂಪು ಗೆರೆ ಕಂಡ್ರೆ ರ್‍ಯಾಮಿನದ್ದೇ ಪಂಚಾಯ್ತಿ.