ಹಳೇ ಕಾರಿನ ಟೆಂಪರೇಚರ್ ಮುಳ್ಳು: ಎಂಟು ತಿಂಗಳ ಜಗಳ

ಮುಳ್ಳು ಕೊನೆಗೂ ಮಧ್ಯದಲ್ಲಿ ನಿಂತಿದೆ. ಮೂರು ವಾರ ಆಯ್ತು, ಅಲ್ಲಾಡಿಲ್ಲ. 'ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಲೇಬೇಕು' ಅಂದ ಮೆಕ್ಯಾನಿಕ್‌ಗಳು ಇಬ್ಬರು. 'ಈ ಡಬ್ಬಾನ ಗುಜರಿಗೆ ಹಾಕು' ಅಂದವನು ನನ್ನ ಸ್ವಂತ ತಮ್ಮ. ಮೂವರಿಗೂ ಕೀ ಕೊಟ್ಟು, ಒಂದು ಸುತ್ತು ಹೊಡ್ಕೊಂಡು ಬನ್ನಿ ಅಂದಿದ್ದೇನೆ.

ತೊಂದರೆ ಇಷ್ಟೇ. ಹೊರಟು ಹದಿನೈದು ನಿಮಿಷಕ್ಕೆ ಮುಳ್ಳು ಕೆಂಪು ಗೆರೆ ಹತ್ತಿರ. ಬಾನೆಟ್ ಎತ್ತಿದರೆ ಕುದಿಯುವ ಸದ್ದಿಲ್ಲ, ನೀರು ಕಮ್ಮಿಯಾಗಿಲ್ಲ.

ಎಲ್ಲರಂತೆ ನಾನೂ ಮೊದಲು ಥರ್ಮೋಸ್ಟಾಟ್ (ನೀರು ಕಾದಾಗ ತೆರೆದು ರೇಡಿಯೇಟರ್‌ಗೆ ಬಿಡುವ ವಾಲ್ವ್) ಬದಲಾಯಿಸಿದೆ. ಏನೂ ಆಗಲಿಲ್ಲ. ಸಿಟ್ಟಿಗೆ ಹಳೇದನ್ನು ಪಾತ್ರೆ ನೀರಲ್ಲಿ ಹಾಕಿ ಕಾಯಿಸಿದೆ. ಅದರ ಮೇಲೆ 82 ಅಂತ ಒತ್ತಿದ್ದರು, ಸುಮಾರು 83–84 ಡಿಗ್ರಿಗೆ ಚೆನ್ನಾಗೇ ಬಾಯಿ ಬಿಟ್ಟಿತು. ಒಳ್ಳೇದನ್ನೇ ಕಿತ್ತಿದ್ದೆ! ಆಮೇಲೆ ರೇಡಿಯೇಟರ್ ಬಿಚ್ಚಿಸಿ ತೊಳೆಸಿದ್ದು ಇನ್ನೊಂದು ದಂಡ. ಅಷ್ಟು ದುಡ್ಡಿಗೆ ಎರಡು ಹೊಸ ಟೈರ್ ಬರುತ್ತಿದ್ದವು.

ನಂತರ ಸೆಂಡರ್, ಅಂದರೆ ಇಂಜಿನ್ ನೀರಿನ ಬಿಸಿ ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರ್. ಹೊಸದಕ್ಕೆ ಥ್ರೆಡ್ ಮೇಲೆ ಟೆಫ್ಲಾನ್ ಟೇಪ್ ಐದು ಸುತ್ತು ಸುತ್ತಿ ಕೂರಿಸಿದೆ. ಮುಳ್ಳು ತಣ್ಣಗೆ ಕೆಳಗೇ ಕೂತಿತು. ಎರಡು ದಿನ ಎಲ್ಲರ ಮುಂದೆ ಮೀಸೆ ತಿರುವಿದೆ. ಮೂರನೇ ದಿನ ನಲವತ್ತು ನಿಮಿಷ ಓಡಿಸಿ ಮೇಲಿನ ಹೋಸ್ ಮುಟ್ಟಿದರೆ ಕೈ ಸುಟ್ಟಿತು, ಮುಳ್ಳು ಮಾತ್ರ ನಿದ್ದೆಯಲ್ಲೇ ಇದೆ. ಒಂದೇ ವೈರಿನ ಸೆಂಡರ್ ಅರ್ತ್ ತಗೊಳ್ಳೋದು ತನ್ನ ಥ್ರೆಡ್‌ನಿಂದಲೇ ಅಲ್ವಾ? ಅದನ್ನೇ ಟೇಪ್ ಸುತ್ತಿ ಮುಚ್ಚಿದ್ದೆ. ಟೇಪ್ ಕಿತ್ತು ಬರೀ ತಾಮ್ರದ ವಾಷರ್ ಹಾಕಿದೆ. ಮುಳ್ಳು ಮತ್ತೆ ಕೆಂಪಿಗೆ.

ಎರಡೂ ಸೆಂಡರ್‌ಗಳನ್ನು ನೀರಲ್ಲಿ ಇಳಿಬಿಟ್ಟು ಮಲ್ಟಿಮೀಟರ್ ಹಿಡಿದೆ. ತಣ್ಣೀರಲ್ಲಿ ಆರುನೂರು ಓಮ್ ಆಸುಪಾಸು, ಕುದಿಯುವ ನೀರಲ್ಲಿ ಅರವತ್ತರ ಹತ್ತಿರ. ಎರಡರದ್ದೂ ಹೆಚ್ಚುಕಮ್ಮಿ ಒಂದೇ ಲೆಕ್ಕ, ಅಂದರೆ ತಪ್ಪು ಸೆಂಡರ್‌ದಲ್ಲ. ಇಂಜಿನ್ ಬಿಸಿ ನೋಡೋಕೆ ಇನ್‌ಫ್ರಾರೆಡ್ ಗನ್ ಸಾಲ ತಂದೆ. ಹೊಳೆಯುವ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಹಿಡಿದರೆ 58 ತೋರಿಸಿತು. ಅಲ್ಲೇ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಹಿಡಿದರೆ 87! ಹೊಳೆಯುವ ಲೋಹದ ಮೇಲೆ ಆ ಗನ್ ನಂಬಬೇಡಿ. ಅಂತೂ ಇಂಜಿನ್ ಆರೋಗ್ಯವಾಗಿದೆ, ಸುಳ್ಳು ಹೇಳ್ತಿರೋದು ಮೀಟರ್ ಅನ್ನೋದು ಖಾತ್ರಿಯಾಯ್ತು.

ಸುಳಿವು ಮೊದಲ ದಿನದಿಂದಲೂ ಕಣ್ಣೆದುರೇ ಇತ್ತು. ಒಂದು ಸಂಜೆ ಸುಮ್ನೆ ನಿಲ್ಲಿಸಿಕೊಂಡು ರೇಸ್ ಕೊಟ್ಟೆ. ಅರ್ಧ ನಿಮಿಷದಲ್ಲಿ ಮುಳ್ಳು ಏರಿತು. ಐಡಲ್‌ಗೆ ಬಿಟ್ಟರೆ ನಿಧಾನಕ್ಕೆ ಇಳಿಯಿತು. ನೀರು ಅಷ್ಟು ಬೇಗ ಕಾದು ಆರುತ್ತಾ? ಜೊತೆಗೆ ಪೆಟ್ರೋಲ್ ಮುಳ್ಳೂ ಏರುತ್ತಿತ್ತು! ಒಂದು ಹನಿ ಹಾಕಿಸದೇ ಕಾಲು ಟ್ಯಾಂಕ್ ಜಾಸ್ತಿ. ಎಂಟು ತಿಂಗಳಿಂದ ಗಾಡಿ ಒಳ್ಳೇ ಮೈಲೇಜ್ ಕೊಡ್ತಿದೆ ಅಂತ ಖುಷಿಯಲ್ಲಿದ್ದೆ. ಎರಡು ಸಲ ದಾರಿ ಮಧ್ಯೆ ಪೆಟ್ರೋಲ್ ಖಾಲಿಯಾಗಿ ನಿಂತಾಗಲೂ ಬುದ್ಧಿ ಬರಲಿಲ್ಲ.

ಎರಡು ಮುಳ್ಳೂ ಒಟ್ಟಿಗೆ ಏರಿದರೆ ಕಳ್ಳ ಒಬ್ಬನೇ, ಮೀಟರ್ ಬೋರ್ಡ್ ಹಿಂದೆ ಕೂತು ಎರಡಕ್ಕೂ ಒಂದೇ ಮಟ್ಟದ ಕರೆಂಟ್ ಕೊಡಬೇಕಾದ ವೋಲ್ಟೇಜ್ ಸ್ಟೆಬಿಲೈಸರ್. ಅದು ಕೈಕೊಟ್ಟರೆ, ರೇಸ್ ಕೊಟ್ಟಾಗ ಏರುವ ವೋಲ್ಟೇಜ್ ನೇರ ಮುಳ್ಳುಗಳಿಗೇ. ಮೀಟರ್ ಬೋರ್ಡ್ ಹೊರಗೆಳೆದೆ, ಎಳೆಯುವಾಗ ಸ್ಪೀಡೋಮೀಟರ್ ಕೇಬಲ್ ಕ್ಲಿಪ್ ಮುರಿದೆ, ಆ ಕಥೆ ಬೇಡ. ಔಟ್‌ಪುಟ್‌ಗೆ ಸಣ್ಣ ಬಲ್ಬ್ ಹಿಡಿದೆ. ಸರಾಸರಿ 10 ವೋಲ್ಟ್ ಕೊಡೋಕೆ ಅದು ಆಗಾಗ ಕಡಿದು ಸೇರಿಸುತ್ತೆ, ಬಲ್ಬ್ ಮಿನುಗಬೇಕು. ನನ್ನದು ಒಂದೇ ಸಮ ಉರಿಯುತ್ತಿತ್ತು. ಮಲ್ಟಿಮೀಟರಲ್ಲಿ 13.8 ವೋಲ್ಟ್.

ಹೊಸ ಸ್ಟೆಬಿಲೈಸರ್ ತಂದು ಹಾಕಿದೆ. ಬಲ್ಬ್ ಆಗಲೂ ಒಂದೇ ಸಮ! ಆ ರಾತ್ರಿ ನಾನೂ ಗುಜರಿಯ ಯೋಚನೆ ಮಾಡಿದ್ದು ನಿಜ.

ಬೆಳಿಗ್ಗೆ ಸ್ಕ್ರೂ ಬಿಚ್ಚಿ ನೋಡಿದೆ. ಸ್ಟೆಬಿಲೈಸರ್‌ನ ತಗಡಿನ ಮೈಗೆ ಆ ಸ್ಕ್ರೂನಿಂದಲೇ ಅರ್ತ್. ಹಿಂದೆ ಯಾರೋ ಪುಣ್ಯಾತ್ಮ ಪ್ಯಾನಲ್‌ಗೆ ಬಣ್ಣ ಹೊಡೆದಿದ್ದ, ಬಣ್ಣದಡಿ ತುಕ್ಕು. ಅರ್ತ್ ಇಲ್ಲದಿದ್ದರೆ ಒಳಗಿನ ಕಾಯಿಲ್ ಕಾಯೋದಿಲ್ಲ, ಬಿಸಿಗೆ ಬಾಗಿ ಕರೆಂಟ್ ಕಡಿಯಬೇಕಾದ ಲೋಹದ ಪಟ್ಟಿ ಬಾಗೋದಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹಾಗೇ ಮುಂದೆ ಹೋಗುತ್ತೆ. ತಗಡಿಗೆ ವೈರ್ ಹಿಡಿದು ಬ್ಯಾಟರಿ ಮೈನಸ್‌ಗೆ ಮುಟ್ಟಿಸಿದೆ. ಬಲ್ಬ್ ಮಿಣಕ್ ಅಂತು, ಆರಿತು, ಮತ್ತೆ ಮಿಣಕ್. ಡ್ಯಾಶ್‌ಬೋರ್ಡ್ ಕೆಳಗೆ ಮಲಗಿಕೊಂಡೇ ಕೂಗಿದ್ದಕ್ಕೆ ಮನೆಯವರೆಲ್ಲ ಓಡಿ ಬಂದರು.

ಬಣ್ಣ ಕೆರೆದೆ, ಸ್ಟಾರ್ ವಾಷರ್ ಹಾಕಿದೆ, ಒಂದು ಗೇಣು ವೈರನ್ನು ಬಾಡಿ ಬೋಲ್ಟ್‌ಗೆ ಕೊಟ್ಟೆ. ವೈರ್ ಹಳೇ ಡಬ್ಬಿಯಲ್ಲಿ ಬಿದ್ದಿದ್ದೇ, ಪುಕ್ಕಟೆ. ಹಳೇ ಸ್ಟೆಬಿಲೈಸರನ್ನೇ ವಾಪಸ್ ಹಾಕಿದೆ, ಅದೂ ಚೆನ್ನಾಗಿದೆ. ನಡುವೆ ಅದರ ಬದಲು 7810 ರೆಗ್ಯುಲೇಟರ್ (10 ವೋಲ್ಟ್ ಕೊಡುವ ಚಿಪ್) ಹಾಕಿಯೂ ನೋಡಿದೆ. ಐಡಲ್‌ನಲ್ಲಿ ಹೆಡ್‌ಲೈಟ್ ಹಾಕಿದರೆ ನನ್ನ ಗಾಡಿ 11.5ಕ್ಕೆ ಇಳಿಯುತ್ತೆ, ಅದಕ್ಕೆ ಅಷ್ಟು ಸಾಲದು, ಮುಳ್ಳು ಕುಸಿಯಿತು. ತೆಗೆದುಬಿಟ್ಟೆ.

ಮುಳ್ಳನ್ನು ಕರೆಕ್ಟಾಗಿ ಮಧ್ಯಕ್ಕೆ ಕೂರಿಸೋಕೆ ನನ್ನ ಮೀಟರ್‌ನ ಹಿಂಬದಿ ಎರಡು ಸಣ್ಣ ತೂತುಗಳಿವೆ. ಯಾವುದನ್ನು ಮೊದಲು, ಎಷ್ಟು ತಿರುಗಿಸಬೇಕು ಅನ್ನೋದು ನನ್ನ ಹತ್ರವೇ ಇರಲಿ. ಎರಡು ಭಾನುವಾರ ಹಾಳುಮಾಡಿಕೊಂಡು ಕಲಿತದ್ದು.

ಪೆಟ್ರೋಲ್ ಮುಳ್ಳೂ ಈಗ ನಿಜ ಹೇಳುತ್ತಿದೆ. ಮೈಲೇಜ್ ಬಗ್ಗೆ ನಾನು ಯಾರ ಹತ್ರವೂ ಮಾತಾಡ್ತಿಲ್ಲ.